25 ಅಶ್ವಶಕ್ತಿಯ ಮೋಟಾರಿಗೆ ಯಾವ ಹೈಡ್ರೋಫಾಯಿಲ್?

ವೇಗ ಹಿಡಿಯುವಾಗ ದೋಣಿಯ ಮೂತಿ ಮೇಲೇಳುತ್ತದೆ, ಅದಕ್ಕೆ ಯಾವ ಹೈಡ್ರೋಫಾಯಿಲ್ (ಮೋಟಾರಿನ ಪ್ರೊಪೆಲ್ಲರ್ ಮೇಲಿನ ತಟ್ಟೆಗೆ ಬಿಗಿಯುವ ರೆಕ್ಕೆ) ಹಾಕಲಿ ಎಂದು ಕೇಳಿದ್ದೀರಿ. ಬಹುಶಃ ಹಿಂಭಾಗದಲ್ಲಿ ಭಾರ ಹೆಚ್ಚಾಗಿದೆ. ಮೊದಲು ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಮುಂದಕ್ಕೆ ಸರಿಸಿ, ಮೋಟಾರನ್ನು ಪೂರ್ತಿ ಒಳಕ್ಕೆ ಟ್ರಿಮ್ ಮಾಡಿ (ಅದರ ಕೆಳತುದಿ ದೋಣಿಯ ಕಡೆಗೆ ಬರುವಂತೆ ಓರೆ ಮಾಡಿ) ಓಡಿಸಿ ನೋಡಿ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮವಾಗಿ, ಇಲ್ಲವೇ ಒಂದು ಇಂಚು ಮೇಲಿರಬೇಕು. ನನ್ನ ದೋಣಿಯಲ್ಲಿ ಅರ್ಧ ತೊಂದರೆ ಇಲ್ಲೇ ಸರಿಹೋಯಿತು.

ಆಮೇಲೂ ಮೂತಿ ಇಳಿಯದಿದ್ದರೆ ಫಾಯಿಲ್ ಹಾಕಿ. ನಿಮ್ಮ ಅಶ್ವಶಕ್ತಿಗೆ ಹೊಂದುವ ಅಳತೆಯದು, ಒಂದೇ ತುಂಡಿನದು ತಗೊಳ್ಳಿ. ಎರಡು ರೆಕ್ಕೆಯದಕ್ಕಿಂತ ಅದು ಗಟ್ಟಿ. ತಟ್ಟೆಗೆ ತೂತು ಕೊರೆದರೆ ಹಿಂದಕ್ಕೆ ದಾರಿಯಿಲ್ಲ, ಆದ್ದರಿಂದ ಕೊರೆಯದೆ ಬಿಗಿಯುವ ಮಾದರಿಯನ್ನೇ ಮೊದಲು ಪರೀಕ್ಷಿಸಿ. ಮೋಟಾರನ್ನು ಪೂರ್ತಿ ಎತ್ತಿ, ಎರಡೂ ಬದಿಗೆ ತಿರುಗಿಸಿ, ಎಲ್ಲೂ ತಾಗದೆಂದು ಖಚಿತಪಡಿಸಿಕೊಳ್ಳಿ. ಓಡುವಾಗ ಮೂತಿ ನೀರಿಗೆ ಇಳಿದರೆ ಟ್ರಿಮ್ ಸ್ವಲ್ಪ ಹೊರಕ್ಕೆ ಬಿಡಿ.