ಯಾವ ಸ್ಥಾನದವನು ಎಂಬುದಕ್ಕಿಂತ ಯಾರನ್ನು ತಡೆಯಬಲ್ಲ ಎಂಬುದೇ ಮುಖ್ಯ

ಬಾಗಲಕೋಟೆಯ ಕಾಲೇಜು ತಂಡಕ್ಕೆ ಹುಡುಗರನ್ನು ಆರಿಸಬೇಕಾಗಿರುವ ತಾವು ಎರಡು ವಿಷಯ ಕೇಳಿದ್ದೀರಿ: ಹಲವು ಸ್ಥಾನಗಳಲ್ಲಿ ಆಡಬಲ್ಲವರಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ) ಅಷ್ಟೊಂದು ಬೆಲೆ ಏಕೆ, ಮತ್ತು ಆ ಲೆಕ್ಕಾಚಾರ ನಮ್ಮ ಕಡೆಯ ತಂಡಗಳಿಗೂ ಹೊಂದುತ್ತದೆಯೇ. ವಿಜಯಪುರದಲ್ಲಿ ಕಾಲೇಜು ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿರುವ ನನ್ನ ಮಟ್ಟಿಗೆ ಖಂಡಿತ ಹೊಂದುತ್ತದೆ. ಆದರೆ ಆ ಸಾಮರ್ಥ್ಯವನ್ನು ಅಳೆಯಬೇಕಾದದ್ದು ಚೆಂಡು ಎದುರಾಳಿಯ ಕೈಯಲ್ಲಿದ್ದಾಗ.

ಡ್ರೇಮಂಡ್ ಗ್ರೀನ್ ಅವರನ್ನು ನೋಡಿ. ರಿಂಗ್ ಹತ್ತಿರ ಆಡುವ ಪವರ್ ಫಾರ್ವರ್ಡ್ ಆಗಲು ಎತ್ತರ ಸಾಲದು, ಹೆಚ್ಚಾಗಿ ಹೊರಗಡೆ ಓಡಾಡಿ ಆಡುವ ಸ್ಮಾಲ್ ಫಾರ್ವರ್ಡ್ ಆಗಲು ವೇಗ ಸಾಲದು ಎಂಬ ಅನುಮಾನದಿಂದಾಗಿ 2012ರ ಡ್ರಾಫ್ಟ್‌ನಲ್ಲಿ ಅವರು ಎರಡನೆಯ ಸುತ್ತಿಗೆ ಜಾರಿ, 35ನೆಯವರಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದರು. 2015ರ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು ತಂಡ 1-2ರಿಂದ ಹಿಂದೆ ಬಿದ್ದಿದ್ದಾಗ, ಕೋಚ್ ಸ್ಟೀವ್ ಕೆರ್ ನಾಲ್ಕನೆಯ ಪಂದ್ಯಕ್ಕೆ ರಿಂಗ್ ಕೆಳಗೆ ನಿಲ್ಲುವ ದೈತ್ಯ ಸೆಂಟರ್ ಆಂಡ್ರೂ ಬೋಗಟ್ ಬದಲು ಆಂದ್ರೆ ಇಗುಡಾಲಾ ಅವರನ್ನು ಮೊದಲ ಐವರಲ್ಲಿ ಇಳಿಸಿ, ಸುಮಾರು ಆರೂವರೆ ಅಡಿಯ ಗ್ರೀನ್ ಅವರನ್ನೇ ಸೆಂಟರ್ ಮಾಡಿದರು. ವಾರಿಯರ್ಸ್ ಮುಂದಿನ ಮೂರೂ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಯಾವ ಸ್ಥಾನಕ್ಕೂ ಸರಿಹೊಂದದವರು ಎನಿಸಿಕೊಂಡಿದ್ದ ಗ್ರೀನ್ ಐದೂ ಸ್ಥಾನದವರನ್ನು ತಡೆಯಬಲ್ಲವರಾಗಿದ್ದರು.

ಇದರಿಂದ ಸಿಗುವ ಲಾಭ ಸರಳವಾದದ್ದು. ಸ್ಕ್ರೀನ್ ಹಾಕುವ, ಅಂದರೆ ಜೊತೆಗಾರನನ್ನು ತಡೆಯುತ್ತಿರುವವನ ದಾರಿಗೆ ಅಡ್ಡ ನಿಲ್ಲುವ ಉದ್ದೇಶವೇ ತಡೆಯುವ ಇಬ್ಬರನ್ನು ಅರೆಕ್ಷಣ ಗೊಂದಲಕ್ಕೆ ಕೆಡವಿ ದಾರಿ ಮಾಡಿಕೊಳ್ಳುವುದು. ಆ ಇಬ್ಬರೂ ಪರಸ್ಪರರ ಎದುರಾಳಿಯನ್ನು ನಿಭಾಯಿಸಬಲ್ಲವರಾದರೆ ಸ್ವಿಚ್ ಮಾಡಿಕೊಂಡು, ಅಂದರೆ ತಾವು ತಡೆಯುವವರನ್ನು ಅದಲು ಬದಲು ಮಾಡಿಕೊಂಡು, ಸುಮ್ಮನೆ ನಿಲ್ಲಬಹುದು. ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಎನ್‌ಬಿಎಯಲ್ಲಿ ಆರನೆಯ ಫೌಲಿಗೆ ಹೊರನಡೆಯಬೇಕಾದರೆ ಅಂತರರಾಷ್ಟ್ರೀಯ ನಿಯಮದಂತೆ ಆಡುವ ನಮಗೆ ಐದೇ. ಹನ್ನೆರಡು ಮಂದಿಯ ತಂಡದಲ್ಲಿ ನಿಜವಾದ ಎತ್ತರದವನು ಒಬ್ಬನೇ ಇರುತ್ತಾನೆ. ಎರಡನೆಯ ಕ್ವಾರ್ಟರ್ ಮುಗಿಯುವ ಮೊದಲೇ ಅವನಿಗೆ ಮೂರು ಫೌಲ್ ಬಿದ್ದರೆ ರಿಂಗ್ ಕೆಳಗೆ ಯಾರು ನಿಲ್ಲಬೇಕು? ಇದಕ್ಕೆ ಉತ್ತರ ಆಯ್ಕೆಯ ದಿನವೇ ಸಿದ್ಧವಿರಬೇಕು.

ಹಾಗಾಗಿ ಆಯ್ಕೆಯಲ್ಲಿ ಅರ್ಧ ಕೋರ್ಟಿನಲ್ಲಿ ಮೂವರ ಎದುರು ಮೂವರನ್ನು ಆಡಿಸಿ, ಪ್ರತಿ ಸ್ಕ್ರೀನ್‌ಗೂ ಸ್ವಿಚ್ ಕಡ್ಡಾಯ ಮಾಡಿ. ಆಗ ಚೆಂಡನ್ನು ಬಿಟ್ಟು ಎತ್ತರದ ಹುಡುಗನ ಪಾದಗಳನ್ನೇ ಗಮನಿಸಿ. ಹೊರಗಡೆಯಿಂದ ಚೆಂಡು ನಡೆಸುವ ಚುರುಕಾದ ಗಾರ್ಡ್ ಎದುರು ಬಂದಾಗ ಅವನು ಮೊಣಕಾಲು ಬಗ್ಗಿಸಿ, ಪಾದಗಳನ್ನು ಒಂದಕ್ಕೊಂದು ಅಡ್ಡ ಹಾಕದೆ ಪಕ್ಕಕ್ಕೆ ಜಾರುತ್ತಾನೆಯೇ ಅಥವಾ ಮೊದಲ ಡ್ರಿಬಲ್‌ಗೇ ನೆಟ್ಟಗೆ ನಿಂತು ಕೈ ಚಾಚುತ್ತಾನೆಯೇ? ಕೈ ಚಾಚುವವನು ಪಂದ್ಯದಲ್ಲಿ ಫೌಲ್ ಕೊಡುತ್ತಾನೆ. ಗಾರ್ಡ್ ಆದ ಹುಡುಗ ತನಗಿಂತ ದೊಡ್ಡವನನ್ನು ಬೆನ್ನ ಹಿಂದೆ ತಡೆದಿಟ್ಟು ರೀಬೌಂಡ್‌ಗೆ (ರಿಂಗಿಗೆ ಬಡಿದು ಮರಳುವ ಚೆಂಡಿಗೆ) ಜಾಗ ಹಿಡಿಯುತ್ತಾನೆಯೇ ಎಂಬುದೂ ಅಷ್ಟೇ ಮುಖ್ಯ. ಸ್ವಿಚ್ ಎಂದು ಗಟ್ಟಿಯಾಗಿ ಕೂಗುವವನಿಗೆ ನಾನು ಒಂದು ಅಂಕ ಹೆಚ್ಚು ಕೊಡುತ್ತೇನೆ.

ಇದಕ್ಕೊಂದು ಮಿತಿಯೂ ಇದೆ. 2020ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತನ್ನ ಸೆಂಟರ್ ಕ್ಲಿಂಟ್ ಕಪೇಲಾ ಅವರನ್ನು ಬಿಟ್ಟುಕೊಟ್ಟು, ಆರು ಅಡಿ ಐದು ಇಂಚಿನ ಪಿ.ಜೆ. ಟಕರ್ ಅವರನ್ನು ಆ ಜಾಗದಲ್ಲಿ ಆಡಿಸಿ, ಪ್ಲೇ ಆಫ್‌ನ ಎರಡನೆಯ ಸುತ್ತಿನಲ್ಲಿ ಲೇಕರ್ಸ್ ಎದುರು 4-1ರಿಂದ ಸೋತಿತು. ಎತ್ತರವೂ ಚುರುಕೂ ಎರಡೂ ಇರುವ ಆಂಥನಿ ಡೇವಿಸ್ ಲೇಕರ್ಸ್‌ನಲ್ಲಿದ್ದರು. ಹೊಂದಿಕೊಳ್ಳುವ ಆಯ್ಕೆ ಲೇಕರ್ಸ್‌ಗಿತ್ತು, ಹ್ಯೂಸ್ಟನ್‌ಗೆ ಇರಲಿಲ್ಲ. ಎಲ್ಲರೂ ಒಂದೇ ಎತ್ತರದ ತಂಡಕ್ಕೆ ಆಡಲು ಬರುವುದು ಒಂದೇ ರೀತಿ.

ಆದ್ದರಿಂದ ಒತ್ತಡದಲ್ಲಿಯೂ ಚೆಂಡು ಕಳೆದುಕೊಳ್ಳದ, ತಂಡದ ಆಟ ನಡೆಸುವ ಒಬ್ಬ ಪಾಯಿಂಟ್ ಗಾರ್ಡ್ ಮತ್ತು ರಿಂಗ್ ಕಾಯುವ ಒಬ್ಬ ಎತ್ತರದವನು, ಈ ಇಬ್ಬರಿಗೆ ಬೇರೇನೂ ಬಾರದಿದ್ದರೂ ಸೇರಿಸಿಕೊಳ್ಳಿ. ಅವರ ಸುತ್ತಲಿನ ಮೂರು ಜಾಗಗಳಿಗೆ ಮಾತ್ರ ಮೇಲಿನ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ಅನ್ವಯಿಸಿ. ಕೊನೆಯ ಒಂದೆರಡು ಹೆಸರುಗಳಲ್ಲಿ ಗೊಂದಲವಾದರೆ, ಹೆಚ್ಚು ಬಾಸ್ಕೆಟ್ ಹಾಕಿದವನಿಗಿಂತ ಹೆಚ್ಚು ಬಗೆಯ ಆಟಗಾರರನ್ನು ತಡೆದವನನ್ನು ಆರಿಸಿ.