ಗ್ಲಾಕಾ, ಸಿಗ್ಗಾ ಎಂದು ಕೇಳಿದ ಗಂಗಾವತಿಯ ತಮ್ಮನಿಗೆ

ಗಂಗಾವತಿಯಿಂದ ಬಂದು ಇಲ್ಲಿ ಡಲ್ಲಾಸ್ ಹತ್ತಿರ ಕೆಲಸಕ್ಕೆ ಸೇರಿರುವ ಹುಡುಗನೊಬ್ಬ ಕೇಳಿದ್ದಾನೆ: "ಅಕ್ಕಾ, ಇಲ್ಲಿ ಸುಮಾರು ಜನರ ಮನೆಯಲ್ಲಿ ಗನ್ ಇರುತ್ತಂತೆ. ನಾನೂ ಒಂದು ಫುಲ್ ಸೈಜ್ ಪಿಸ್ತೂಲು ತಗೋಬೇಕು ಅಂತಿದ್ದೀನಿ. ಗ್ಲಾಕ್ 17, ಸಿಗ್ ಪಿ320, ಸ್ಮಿತ್ ಅಂಡ್ ವೆಸ್ಸನ್ ಎಂ ಅಂಡ್ ಪಿ, ಮೂರೂ ನನಗೆ ಒಂದೇ ಥರ ಕಾಣ್ತವೆ. ಬೆರೆಟ್ಟಾನೂ ಚೆಂದ ಇದೆ. ಯಾವುದು ಒಳ್ಳೇದು? ಹಾಗೇ ಜೋಳದ ಹಿಟ್ಟು ಎಲ್ಲಿ ಸಿಗುತ್ತೆ, ಕಾರು ಹೊಸದು ತಗೊಳ್ಳೋದಾ ಹಳೇದಾ, ಅದನ್ನೂ ಹೇಳಿ."

ತಮ್ಮಾ, ಜೋಳದ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತೆ. ಪ್ಯಾಕೆಟ್ ಮೇಲಿನ ತಾರೀಖು ನೋಡಿ ತಗೋ, ಹಳೇ ಹಿಟ್ಟಾದರೆ ರೊಟ್ಟಿ ತಟ್ಟುವಾಗಲೇ ಬಿರಿಯುತ್ತೆ. ಕಾರು ಸದ್ಯಕ್ಕೆ ಹಳೇದೇ ಸಾಕು, ಇನ್ಶೂರೆನ್ಸ್‌ನಲ್ಲಿ ಮಾತ್ರ ಉಳಿಸೋಕೆ ಹೋಗಬೇಡ. ಪಿಸ್ತೂಲಿನ ವಿಷಯ ಹಾಗೆ ಎರಡು ಮಾತಲ್ಲಿ ಮುಗಿಯಲ್ಲ.

ನೀನು ಬಂದಿರೋದು ಎಚ್-1ಬಿ ಅನ್ನೋ ಕೆಲಸದ ವೀಸಾದ ಮೇಲೆ, ಅಲ್ವಾ? ಹಾಗಾದರೆ ಈ ನಾಲ್ಕರಲ್ಲಿ ಯಾವುದನ್ನೂ ಈಗ ಕೊಳ್ಳುವ ಹಾಗಿಲ್ಲ. ಎಚ್-1ಬಿ, ಕಂಪನಿಯೊಳಗೇ ವರ್ಗವಾಗಿ ಬಂದವರ ಎಲ್-1, ಓದಲು ಬಂದವರ ಎಫ್-1, ಸುತ್ತಾಡಲು ಬಂದವರ ವಿಸಿಟರ್ ವೀಸಾ, ಇಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಅದರ ಗುಂಡನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಅಮೆರಿಕದ ಫೆಡರಲ್ ಕಾನೂನು ಹೇಳುತ್ತೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು ಅಂತ ಆಫೀಸಿನಲ್ಲಿ ಯಾರೋ ನಿನಗೆ ಹೇಳಿರ್ತಾರೆ. ನಿಜ, ಆದರೆ ಅದು ಗನ್ ಇಟ್ಟುಕೊಳ್ಳುವ ಹಕ್ಕು ಇರುವವರಿಗೆ. ನಿನಗೆ ಆ ಹಕ್ಕು ಬರೋದು ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ಇರುವ ಅನುಮತಿ, ಬಂದ ಮೇಲೆ. ಈಗ ಸಿಕ್ಕಿಬಿದ್ದರೆ 15 ವರ್ಷದವರೆಗೆ ಜೈಲು ಆಗಬಹುದು, ಆಮೇಲೆ ದೇಶದಿಂದಲೇ ಕಳಿಸ್ತಾರೆ. ನಿಮ್ಮಪ್ಪ ಹೊಲ ಅಡವಿಟ್ಟು ಕಳಿಸಿರಬಹುದು, ಅಣ್ಣ ಸಾಲ ಮಾಡಿರಬಹುದು. ಒಂದು ಪಿಸ್ತೂಲಿಗೋಸ್ಕರ ಅದನ್ನೆಲ್ಲ ಪಣಕ್ಕೆ ಇಡಬೇಡ.

ಒಂದು ವಿನಾಯಿತಿ ಇದೆ. ಇಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಎಚ್-1ಬಿ ಇದ್ದವರೂ ಕೊಳ್ಳಬಹುದು. ಹಾಗೆ ಕೊಂಡವರು ನಮ್ಮವರಲ್ಲೂ ಇದ್ದಾರೆ. ಆದರೆ ಆ ಲೈಸೆನ್ಸಿನ ಅವಧಿ ಮುಗಿದ ಮರುದಿನ ಮನೆಯಲ್ಲಿರುವ ಗನ್ ಅಪರಾಧ ಆಗುತ್ತೆ. ರಿನ್ಯೂ ಮರೆತರೆ ದಂಡ ಕಟ್ಟಿ ಬರುವ ಬೈಕ್ ಇನ್ಶೂರೆನ್ಸ್ ಥರದ ವಿಷಯ ಅಲ್ಲ ಇದು. ಆ ದಾರಿ ಹಿಡಿಯೋದಾದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡ. ನನ್ನನ್ನು ಕೇಳಿದರೆ ಕಾಯು ಅಂತೀನಿ. ನಾನೂ ಕಾದೆ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ನಮ್ಮ ಕಡೆ ಟ್ರ್ಯಾಕ್ಟರ್ ಮಾವನ ಹೆಸರಲ್ಲಿರುತ್ತೆ, ಸಿಮ್ ಅಣ್ಣನ ಹೆಸರಲ್ಲಿರುತ್ತೆ, ಓಡಿಸೋದು, ಮಾತಾಡೋದು ನಾವು. ಯಾರೂ ಏನೂ ಅನ್ನಲ್ಲ. ಇಲ್ಲಿ ಸಿಟಿಜನ್ ಆಗಿರೋ ಗೆಳೆಯನ ಕೈಲಿ "ನಿನ್ನ ಹೆಸರಲ್ಲಿ ತಗೊಂಡು ಕೊಡೋ" ಅಂತ ಗನ್ ಕೊಳ್ಳಿಸಿದರೆ ಇಬ್ಬರೂ ಒಳಗೆ ಹೋಗ್ತೀರಿ. ಅಂಗಡಿಯಲ್ಲಿ ತುಂಬಿಸುವ 4473 ಅನ್ನೋ ಫಾರಂನಲ್ಲಿ, ನಿಜವಾಗಿ ಕೊಳ್ಳುತ್ತಿರುವವನು ನೀನೇನಾ, ನೀನು ತಾತ್ಕಾಲಿಕ ವೀಸಾದ ಮೇಲೆ ಬಂದವನಾ ಅಂತ ನೇರವಾಗಿ ಕೇಳಿರುತ್ತಾರೆ. ಅಲ್ಲಿ ಸುಳ್ಳು ಬರೆಯೋದೇ ಒಂದು ದೊಡ್ಡ ಅಪರಾಧ.

ನಿನ್ನ ಆಸೆ ನನಗೆ ಅರ್ಥ ಆಗುತ್ತೆ. ನಾನು ಮದುವೆಯಾಗಿ ಕಂಪ್ಲಿಯಿಂದ ಬಂದ ಹೊಸದರಲ್ಲಿ ಯಜಮಾನರ ಜೊತೆ ಶೂ ತಗೊಳ್ಳೋಕೆ ಕ್ರೀಡಾ ಸಾಮಾನಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಈಚೆ ಮೀನು ಹಿಡಿಯುವ ಗಾಳ, ಆಚೆ ಗಾಜಿನ ಕೆಳಗೆ ಸಾಲಾಗಿ ಪಿಸ್ತೂಲು, ಒಂದೊಂದಕ್ಕೂ ಬೆಲೆಯ ಚೀಟಿ. ಕಬ್ಬಿಗೆ ಹಂದಿ ಬೀಳ್ತವೆ ಅಂತ ಒಂದು ಜೋಡು ನಳಿಗೆ ಬಂದೂಕಿನ ಲೈಸೆನ್ಸಿಗೆ ನಮ್ಮಪ್ಪ ಬಳ್ಳಾರಿ ಡಿಸಿ ಆಫೀಸಿಗೆ ಎಷ್ಟು ಅಲೆದಿದ್ದರು! ಎಲೆಕ್ಷನ್ ಬಂತೆಂದರೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ, ರಸೀದಿಯನ್ನು ದೇವರ ಗೂಡಿನಲ್ಲಿ ಇಡೋರು. ಅಲ್ಲಿ 9 ಎಂಎಂ ಪಿಸ್ತೂಲು ಅಂದರೆ ಪೊಲೀಸರಿಗೆ, ಮಿಲಿಟರಿಗೆ. ಲೈಸೆನ್ಸ್ ಇದ್ದ ನಮ್ಮಂಥವರಿಗೆ ಪಾಯಿಂಟ್ 32 ಬೋರ್ ಸಿಕ್ಕರೆ ಅದೇ ಹೆಚ್ಚು. ಅಂಥ ಊರಿಂದ ಬಂದವರಿಗೆ ಈ ಗಾಜಿನ ಪೆಟ್ಟಿಗೆ ನೋಡಿದರೆ ತಲೆ ತಿರುಗುತ್ತೆ.

ಈಗ, ಗ್ರೀನ್ ಕಾರ್ಡ್ ಬಂತು ಅಂತಲೇ ಇಟ್ಕೊಳ್ಳೋಣ. ನೀನು ಹೇಳಿದ ಮೊದಲ ಮೂರೂ ಒಂದೇ ಜಾತಿಯವು. ಪಾಲಿಮರ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಫ್ರೇಮ್, ಗುಂಡು ಹಾರಿಸೋಕೆ ಬಡಿಯುವ ಹ್ಯಾಮರ್ ಹೊರಗೆ ಕಾಣಲ್ಲ, ಅದರ ಬದಲು ಒಳಗೆ ಸ್ಟ್ರೈಕರ್ ಅನ್ನೋ ಸ್ಪ್ರಿಂಗಿನ ಕಡ್ಡಿ, 9 ಎಂಎಂ ಗುಂಡು, ಗುಂಡು ತುಂಬಿ ಹಿಡಿಯೊಳಗೆ ಹಾಕುವ ಮ್ಯಾಗಜಿನ್‌ಗೆ 17. ನಾಳೆ ಕೆಲಸ ಬದಲಾಗಿ ಕ್ಯಾಲಿಫೋರ್ನಿಯಾಗೋ ನ್ಯೂಜೆರ್ಸಿಗೋ ಹೋದರೆ ಅಲ್ಲಿ 10ಕ್ಕಿಂತ ಜಾಸ್ತಿ ಹಿಡಿಯುವ ಮ್ಯಾಗಜಿನ್ ಇಟ್ಟುಕೊಳ್ಳುವ ಹಾಗಿಲ್ಲ, ಅದು ಗೊತ್ತಿರಲಿ. ಗ್ಲಾಕ್ 17 ಇವುಗಳಲ್ಲಿ ಹಿರಿಯ, 1982ರಲ್ಲಿ ಆಸ್ಟ್ರಿಯಾದ ಸೇನೆ ಅದನ್ನು ಆರಿಸಿಕೊಂಡಿತು. ಎಂ ಅಂಡ್ ಪಿ 2005ರಲ್ಲಿ ಬಂತು, ಈಗ ಸಿಗೋ 2.0 ಮಾಡೆಲ್ 2017ರದ್ದು. ಪಿ320 ಬಂದದ್ದು 2014ರಲ್ಲಿ. ನಳಿಗೆಯ ಉದ್ದ ಗ್ಲಾಕ್‌ದು 114 ಮಿಲಿಮೀಟರ್, ಎಂ ಅಂಡ್ ಪಿಯದು 108, ಸಿಗ್‌ದು 119. ಹೊಸಬರಿಗೆ ಈ ವ್ಯತ್ಯಾಸ ಗುರಿಯಲ್ಲಿ ಗೊತ್ತೂ ಆಗಲ್ಲ, ಅದಕ್ಕೆ ತಲೆ ಕೆಡಿಸ್ಕೋಬೇಡ.

ಗೊತ್ತಾಗೋದು ಹಿಡಿಯಲ್ಲಿ. ಗ್ಲಾಕಿನ ಹಿಡಿ ಹಿಂದಕ್ಕೆ ಸ್ವಲ್ಪ ಜಾಸ್ತಿ ವಾಲಿದೆ. ಕಣ್ಣು ಮುಚ್ಚಿ ಎತ್ತಿ ಹಿಡಿದು ಕಣ್ಣು ಬಿಟ್ಟರೆ ನನಗೆ ಅದರ ಮೂತಿ ಮೇಲಕ್ಕೆ ನೋಡ್ತಿರುತ್ತೆ. ನಮ್ಮ ಯಜಮಾನರಿಗೆ ಅದೇ ಸರಿಯಾಗಿ ಕೂರುತ್ತೆ. ನನ್ನ ಕೈ ಸಣ್ಣದು. ಎಂ ಅಂಡ್ ಪಿ 2.0 ಜೊತೆ ಹಿಡಿಯ ಹಿಂಭಾಗಕ್ಕೆ ಹಾಕುವ ನಾಲ್ಕು ಅಳತೆಯ ತುಂಡು ಕೊಡ್ತಾರೆ. ಅತಿ ಸಣ್ಣದನ್ನು ಹಾಕಿದ ಮೇಲೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಸಲೀಸಾಗಿ ಬಂದು ಕೂತಿತು. ಅದನ್ನೇ ಕೊಂಡೆ. ಬೆರೆಟ್ಟಾ 92 ನೋಡೋಕೆ ನಾಲ್ಕರಲ್ಲೂ ಚೆಂದ, 1985ರಲ್ಲಿ ಅಮೆರಿಕದ ಸೇನೆ ಎಂ9 ಅಂತ ಹೆಸರಿಟ್ಟು ತಗೊಂಡ ಪಿಸ್ತೂಲು. ಅಲ್ಯೂಮಿನಿಯಂ ಫ್ರೇಮ್, ತೂಕ ಜಾಸ್ತಿ, ಹಾಗಾಗಿ ಒದೆತ ಕಮ್ಮಿ. ಆದರೆ ಹಿಡಿ ದಪ್ಪ, ಮೊದಲ ಗುಂಡಿಗೆ ಟ್ರಿಗರನ್ನು ಉದ್ದಕ್ಕೆ, ಬಿಗಿಯಾಗಿ ಎಳೀಬೇಕು. ಎರಡನೆಯದರಿಂದ ಹಗುರ. ಒಂದೇ ಗನ್ನಿನಲ್ಲಿ ಎರಡು ಥರದ ಟ್ರಿಗರ್ ಕಲಿಯೋದು ಹೊಸಬರಿಗೆ ಕಷ್ಟ ಅಂತ ನನ್ನ ಅಭಿಪ್ರಾಯ.

ಸಿಗ್ ಬಗ್ಗೆ ಬಿಡಿಸಿ ಹೇಳ್ತೀನಿ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟ್ಟಾ ಬಿಟ್ಟು ಪಿ320ನ್ನು ಆರಿಸಿಕೊಂಡಿತು. ಅದರ ಯಂತ್ರದ ಭಾಗವನ್ನು ಹೊರಗೆ ತೆಗೆದು ಸಣ್ಣದೋ ದೊಡ್ಡದೋ ಬೇರೆ ಹಿಡಿಗೆ ಕೂರಿಸಬಹುದು, ಅದು ಒಳ್ಳೆಯ ಗುಣ. ಅದೇ ವರ್ಷ, ಕೆಲವು ಕೋನದಲ್ಲಿ ಕೆಳಗೆ ಬಿದ್ದರೆ ಗುಂಡು ಹಾರುತ್ತೆ ಅನ್ನೋದು ಹೊರಗೆ ಬಂತು. ಕಂಪನಿ ಹಳೆಯ ಪಿಸ್ತೂಲುಗಳನ್ನು ಪುಕ್ಕಟೆಯಾಗಿ ಸರಿ ಮಾಡಿಕೊಡೋಕೆ ಶುರು ಮಾಡಿತು. ಟ್ರಿಗರ್ ಮುಟ್ಟದೆಯೇ ಹಾರಿತು ಅಂತ ಆಮೇಲೂ ಜನ ಕೋರ್ಟಿಗೆ ಹೋಗಿದ್ದಾರೆ. ಕಂಪನಿ ಅದನ್ನು ಒಪ್ಪಲ್ಲ, ಗನ್ ಸುರಕ್ಷಿತ ಅನ್ನುತ್ತೆ. ಹಳೇದು ಕೊಳ್ಳೋದಾದರೆ ಆ ರಿಪೇರಿ ಆಗಿದೆಯಾ ಅಂತ ಕೇಳು. ನನ್ನ ತಮ್ಮನೇ ಬಂದು ಮೊದಲ ಪಿಸ್ತೂಲು ಯಾವುದು ಅಂತ ಕೇಳಿದರೆ ನಾನು ಗ್ಲಾಕ್, ಎಂ ಅಂಡ್ ಪಿ ಕಡೆ ಕೈ ತೋರಿಸ್ತೀನಿ.

ಬಿಚ್ಚಿ ಒರೆಸುವಾಗ ಇನ್ನೊಂದು ವ್ಯತ್ಯಾಸ ಇದೆ, ಅದು ಬಹಳ ಮುಖ್ಯ. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಬೇಕು. ಉಳಿದ ಮೂರಕ್ಕೆ ಒತ್ತಬೇಕಾಗಿಲ್ಲ. ಅಂದರೆ ಗ್ಲಾಕ್ ಖಾಲಿ ಇದೆಯೋ ಇಲ್ಲವೋ ಅಂತ ನೋಡೋದು ಮರೆತರೆ, ಒರೆಸೋಕೆ ಕೂತಲ್ಲೇ ಗುಂಡು ಹಾರುತ್ತೆ. ನಮ್ಮಪ್ಪ ಬಂದೂಕನ್ನು ಯಾರ ಕೈಗೆ ಕೊಡುವ ಮೊದಲೂ ಅದನ್ನು ನಡುವೆ ಮಡಚಿ ತೆರೆದು, ಎರಡೂ ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡೋರು. ಎರಡು ದುಂಡನೆಯ ಬೆಳಕು ಕಂಡರೆ ಖಾಲಿ. ಪಿಸ್ತೂಲಿನಲ್ಲಿ ಹಾಗೆ ಕಾಣಲ್ಲ. ಮ್ಯಾಗಜಿನ್ ತೆಗೆದರೂ ಒಂದು ಗುಂಡು ನಳಿಗೆಯ ಬುಡದ ಚೇಂಬರ್‌ನಲ್ಲೇ ಕೂತಿರಬಹುದು. ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಎಳೆದು ಕಣ್ಣಿಂದ ನೋಡು, ಕಿರುಬೆರಳು ಹಾಕಿ ಮುಟ್ಟಿಯೂ ನೋಡು. ಇದನ್ನೇ ತಿರುಗುಮುರುಗು ಮಾಡಿದರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಒಳಗೆ ಹೋಗಿ ಕೂರುತ್ತೆ.

ಅಪ್ಪನ ಮಾತು ಬಂತು. ನನಗೆ ಗ್ರೀನ್ ಕಾರ್ಡ್ ಬಂದು, ಪಿಸ್ತೂಲು ಕೊಂಡ ಮೇಲೆ ಅಪ್ಪ ಒಮ್ಮೆ ಇಲ್ಲಿಗೆ ಬಂದಿದ್ದರು. ಊರಲ್ಲೆಲ್ಲ ಹೇಳ್ಕೊಂಡಿದ್ದರಂತೆ, ಮಗಳ ಹತ್ರ ವಿಲಾಯ್ತಿ ಪಿಸ್ತೂಲು ಐತಿ ಅಂತ. ಬಂದ ಮರುದಿನವೇ "ತೋರ್ಸವ್ವ, ಕೈಯಾಗ ಹಿಡಿದು ನೋಡ್ತೀನಿ" ಅಂದರು. ವಿಸಿಟರ್ ವೀಸಾದವರ ಕೈಗೆ ಕೊಡೋ ಹಾಗಿಲ್ಲ ಅಂತ ವಿವರಿಸಿದೆ. ಅವರಿಗೆ ಲೈಸೆನ್ಸಿನ ಕಷ್ಟ ಗೊತ್ತು. ಒಂದು ಮಾತೂ ವಾದ ಮಾಡಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಜಿನ ಮೇಲೆ ಬಗ್ಗಿ ನೋಡಿದರು. "ಖಾಲಿ ಐತಂತ ಹೆಂಗ ಗೊತ್ತಾಗ್ತೈತಿ?" ಅಂತ ಕೇಳಿದರು. ತೋರಿಸಿದೆ. "ಬೆಳಕು ಕಾಣಂಗಿಲ್ಲಲ್ಲ" ಅಂದರು, ಅಷ್ಟೇ.

ಈಗ ಅಪ್ಪ ಇಲ್ಲ. ಅವರ ಬಂದೂಕನ್ನು ಅಣ್ಣ ಠಾಣೆಗೆ ಒಪ್ಪಿಸಿದ. ನನಗೆ ಬಂದೂಕಿನ ಶಿಸ್ತು ಕಲಿಸಿದ್ದು ಆ ಮನುಷ್ಯ. ಕಬ್ಬಿನ ಗದ್ದೆಯ ಬದುವಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸ್ಕೊಂಡು, ಬೆರಳನ್ನು ಟ್ರಿಗರ್‌ನಿಂದ ದೂರ ಇಡೋದು ಹೇಗೆ ಅಂತ ತೋರಿಸಿದವರು. ಅವರ ಕೈಗೆ ನನ್ನ ಪಿಸ್ತೂಲು ಕೊಡೋಕೆ ಆಗಲಿಲ್ಲ. ನಾನು ಮಾಡಿದ್ದು ಸರಿ, ಇವತ್ತು ಬಂದರೂ ಅದನ್ನೇ ಮಾಡ್ತೀನಿ. ಆದರೂ ಬೆನ್ನ ಹಿಂದೆ ಕಟ್ಟಿದ ಆ ಕೈಗಳು ನೆನಪಾದಾಗ ಊಟ ಸೇರಲ್ಲ. ಪರದೇಶದ ಕಷ್ಟ ಅಂದರೆ ಚಳಿ, ಒಂಟಿತನ ಅಂತ ಎಲ್ಲರೂ ಹೇಳ್ತಾರೆ. ನನ್ನ ಮನೆಯಲ್ಲಿ ನನ್ನ ಅಪ್ಪ ಯಾವ ವೀಸಾದವರು ಅಂತ ನಾನು ನೋಡಬೇಕಾಗಿ ಬಂತಲ್ಲ, ನನಗೆ ಅದೇ ಎಲ್ಲಕ್ಕಿಂತ ಜಾಸ್ತಿ. ನಿನ್ನ ಅಪ್ಪ ಅಮ್ಮ ಬಂದಾಗಲೂ ಹೀಗೇ ಆಗುತ್ತೆ, ಈಗಲೇ ಮನಸ್ಸು ಗಟ್ಟಿ ಮಾಡ್ಕೋ. ಪೆಟ್ಟಿಗೆಯ ಬೀಗದ ನಂಬರ್ ಅವರಿಗೂ ಗೊತ್ತಿರಬಾರದು.

ಪೆಟ್ಟಿಗೆ ಅಂದೆ, ಗನ್ನಿಗಿಂತ ಮೊದಲು ಉಕ್ಕಿನ ಪೆಟ್ಟಿಗೆ ಕೊಳ್ಳು. ನಮ್ಮ ಕಡೆ ಗೋಡೆಯ ಗೂಟಕ್ಕೆ ನೇತು ಹಾಕಿ, ತೋಟಾಗಳನ್ನು ಮಾತ್ರ ಬೀರುವಿನಲ್ಲಿಟ್ಟರೆ ಆಯ್ತು ಅಂದ್ಕೋತಾರೆ. ಇಲ್ಲಿ ಗುಂಡು ತುಂಬಿದ ಗನ್ 17 ತುಂಬದ ಮಕ್ಕಳ ಕೈಗೆ ಸಿಗುವ ಹಾಗೆ ಇಟ್ಟು, ಅದು ಅವರಿಗೆ ಸಿಕ್ಕರೆ ಟೆಕ್ಸಾಸ್ ಕಾನೂನಿನಲ್ಲೇ ಅಪರಾಧ. ನಿನಗಿನ್ನೂ ಮಕ್ಕಳಿಲ್ಲ, ಆದರೆ ಉಗಾದಿಗೆ ಮನೆ ತುಂಬ ಗೆಳೆಯರ ಮಕ್ಕಳು ಬರ್ತಾರೆ. ಶೂಟಿಂಗ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಮುಟ್ಟಲೇಬೇಡ. ಒಂದು ಗುಂಡು ಹೊಲಿಗೆಯ ಸಂದಿಯಲ್ಲಿ ಉಳಿದಿದ್ದರೂ ಹೈದರಾಬಾದಿನ ಶಂಷಾಬಾದ್ ಏರ್‌ಪೋರ್ಟಿನಲ್ಲೋ ಬೆಂಗಳೂರಲ್ಲೋ ಆರ್ಮ್ಸ್ ಆಕ್ಟ್ ಕೇಸು ಬೀಳುತ್ತೆ. ಅಮ್ಮ ಮನೆಯಲ್ಲಿ ಹೋಳಿಗೆ ಮಾಡಿಟ್ಟು ಕಾಯ್ತಿರ್ತಾರೆ, ನೀನು ಠಾಣೆಯಲ್ಲಿ ಕೂತಿರ್ತೀಯ.

ಗ್ರೀನ್ ಕಾರ್ಡ್ ಬಂದ ದಿನ ನನಗೆ ಒಂದು ಮೆಸೇಜ್ ಹಾಕು. ಅಲ್ಲಿಯವರೆಗೆ ಗುರಿ ಅಭ್ಯಾಸ ಮಾಡೋ ರೇಂಜ್‌ನಲ್ಲಿ ಗನ್ ಬಾಡಿಗೆಗೆ ತಗೊಂಡು ಹೊಡೆಯೋಕೂ ಹೋಗಬೇಡ, ಅದೂ ಇದೇ ಕಾನೂನಿಗೆ ಬರುತ್ತೆ. ಆಮೇಲೆ ನಾನು, ಯಜಮಾನರು ಇಬ್ಬರೂ ಬರ್ತೀವಿ. ಗ್ಲಾಕ್, ಎಂ ಅಂಡ್ ಪಿ ಎರಡನ್ನೂ ಬಾಡಿಗೆಗೆ ತಗೊಂಡು, ತಲಾ 50 ಗುಂಡಿನ ಒಂದೊಂದು ಡಬ್ಬಿ ಹೊಡೆದು ನೋಡು. ಅವರು ಗ್ಲಾಕ್ ಅಂತಾರೆ, ನಾನು ಎಂ ಅಂಡ್ ಪಿ ಅಂತೀನಿ. ನಮ್ಮಿಬ್ಬರ ಮಾತೂ ಕೇಳಬೇಡ, ಕಾಗದದ ಮೇಲೆ ಯಾವುದರ ತೂತುಗಳು ಹತ್ತಿರ ಹತ್ತಿರ ಬಿದ್ದಿವೆಯೋ ಅದನ್ನು ಕೊಳ್ಳು. ಬರುವಾಗ ಕಿವಿಗೆ ಹಾಕೋ ಮಫ್ ನಿನ್ನದೇ ತಗೊಂಡು ಬಾ, ಅಲ್ಲಿ ಬಾಡಿಗೆಗೆ ಕೊಡೋವು ಬಿಗಿ ಇರಲ್ಲ.