30 ಕಿಲೋ ಲ್ಯಾಬ್‌ಗೆ ಡ್ರೈ ಫುಡ್ ಬಿಡಿಸಿ ಫ್ರೆಶ್ ಫುಡ್ ಹಾಕಬೇಕೇ?

ನಿಮ್ಮ ನಾಲ್ಕು ವರ್ಷದ ಲ್ಯಾಬ್ (ಲ್ಯಾಬ್ರಡಾರ್ ನಾಯಿ) 30 ಕಿಲೋ ಇದೆ, ಮರಿಯಾಗದಂತೆ ಆಪರೇಷನ್ ಆಗಿದೆ, ಆರೋಗ್ಯವಾಗಿದೆ, ಮರಿಯಾಗಿದ್ದಾಗಿನಿಂದ ಡ್ರೈ ಫುಡ್ಡೇ ತಿನ್ನುತ್ತಿದೆ. ಈಗ ವಾಕಿಂಗ್‌ನಲ್ಲಿ ಸಿಕ್ಕವರೊಬ್ಬರು ‘ಅದು ವಿಷ, ಬೇಯಿಸಿ ಪ್ಯಾಕ್ ಮಾಡಿ ಮನೆಗೇ ತಂದುಕೊಡ್ತಾರಲ್ಲ, ಆ ಫ್ರೆಶ್ ಫುಡ್ ಹಾಕಿ’ ಎಂದಿದ್ದಾರೆ. ಬೆಂಗಳೂರಿನಲ್ಲಿದ್ದೇವೆ, ಸುಲಭವಾಗಿ ಸಿಗುತ್ತದೆ, ಬದಲಾಯಿಸಲೇ ಎಂದು ಕೇಳಿದ್ದೀರಿ.

ನಾನಾದರೆ ಡ್ರೈ ಫುಡ್ ಬಿಡಿಸುವುದಿಲ್ಲ. ನಮ್ಮ ಮನೆಯ ಲ್ಯಾಬ್‌ಗೂ ಅದೇ. ಫ್ರೆಶ್ ಫುಡ್ ಕೆಟ್ಟದ್ದು ಅನ್ನುತ್ತಿಲ್ಲ, ಅದರ ವಿಷಯಕ್ಕೆ ಬರುತ್ತೇನೆ. ಆದರೆ ಲ್ಯಾಬ್ ಸಾಕುವವರಿಗೆ ಊಟ ಯಾವ ಬಗೆಯದು ಎನ್ನುವುದಕ್ಕಿಂತ ಎಷ್ಟು ಹಾಕುತ್ತೇವೆ ಎನ್ನುವುದೇ ದೊಡ್ಡ ವಿಷಯ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್‌ಗಳನ್ನು ಮರಿಯಿಂದ ಸಾಯುವವರೆಗೂ ಗಮನಿಸಿದ್ದರು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಎರಡಕ್ಕೂ ಒಂದೇ ಆಹಾರ ಹಾಕಿದರು, ಒಂದಕ್ಕೆ ಮಾತ್ರ ಕಾಲು ಭಾಗ ಕಡಿಮೆ. ಕಡಿಮೆ ತಿಂದ ಗುಂಪಿನ ಆಯಸ್ಸಿನ ಮಧ್ಯಾಂಕ 13 ವರ್ಷ ಬಂತು, ಇನ್ನೊಂದರದು 11.2 ವರ್ಷ. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ತಡವಾಗಿ. ಈ ಅಧ್ಯಯನ ಮಾಡಿಸಿದ್ದು ಪ್ಯುರಿನಾ ಕಂಪನಿ. ಆಹಾರ ಮಾರುವವರೇ ‘ಕಡಿಮೆ ಹಾಕಿ’ ಎನ್ನುವ ಫಲಿತಾಂಶ ಹೊರತಂದದ್ದರಿಂದ ನನಗೆ ಅದರ ಮೇಲೆ ನಂಬಿಕೆ ಹೆಚ್ಚು. ಸಾಲದ್ದಕ್ಕೆ, 2016ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಕಂಡುಕೊಂಡಂತೆ, ಹೆಚ್ಚುಕಡಿಮೆ ಕಾಲು ಭಾಗದಷ್ಟು ಲ್ಯಾಬ್‌ಗಳಲ್ಲಿ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕೇ ಇರುವುದಿಲ್ಲ. ಅಂಥವುಗಳಿಗೆ ತಿಂಡಿಯ ಆಸೆ ಜಾಸ್ತಿ, ಮೈ ಬರುವುದೂ ಬೇಗ. ಫ್ರೆಶ್ ಮತ್ತು ಡ್ರೈ ಎರಡನ್ನೂ ಹೀಗೆ ಜೀವಮಾನವಿಡೀ ಹೋಲಿಸಿ ನೋಡಿದ ಅಧ್ಯಯನ ಇನ್ನೂ ಆಗಿಲ್ಲ. ಹಾಗಾಗಿ ‘ವಿಷ’ ಎಂದವರ ಮಾತಿಗೆ ಆಧಾರವಿಲ್ಲ.

ಫ್ರೆಶ್ ಫುಡ್‌ನಲ್ಲಿ ಒಳ್ಳೆಯದು ಖಂಡಿತ ಇದೆ. ಇಲಿನಾಯ್ ವಿಶ್ವವಿದ್ಯಾಲಯದವರು 2021ರಲ್ಲಿ ಹೋಲಿಸಿದಾಗ ಅದು ಡ್ರೈ ಫುಡ್‌ಗಿಂತ ಚೆನ್ನಾಗಿ ಜೀರ್ಣವಾಗಿತ್ತು, ನಾಯಿಗಳ ಮಲದ ಪ್ರಮಾಣವೂ ಕಡಿಮೆಯಾಗಿತ್ತು. ನೀರಿನಂಶ ಶೇ. 70ರ ಮೇಲಿರುವುದರಿಂದ ನೀರು ಕುಡಿಯದ ನಾಯಿಗೆ, ಹಲ್ಲು ಹೋದ ಮುದಿ ನಾಯಿಗೆ, ಬಟ್ಟಲು ಮೂಸಿ ಹೊರಟುಬಿಡುವ ನಾಯಿಗೆ ನಾನು ಅದನ್ನೇ ಹೇಳುತ್ತೇನೆ. ನಿಮ್ಮದು ಈ ಯಾವ ಸಾಲಿಗೂ ಸೇರಿಲ್ಲ.

ಪ್ಯಾಕೆಟ್ ಮೇಲಿನ ಅಂಕಿಗಳನ್ನು ಹಾಗೇ ಹೋಲಿಸಬೇಡಿ. ಡ್ರೈ ಫುಡ್‌ನಲ್ಲಿ ಪ್ರೋಟೀನ್ ಶೇ. 24, ಫ್ರೆಶ್‌ನಲ್ಲಿ ಶೇ. 10 ಎಂದಿದ್ದರೆ ಮೊದಲನೆಯದೇ ಮೇಲು ಅನ್ನಿಸುತ್ತದೆ. ನೀರು ಕಳೆದು ನೋಡಿ: ಶೇ. 10 ನೀರಿರುವ ಡ್ರೈ ಫುಡ್‌ನದು (24 ÷ 90 × 100) ಸುಮಾರು 27, ಶೇ. 72 ನೀರಿರುವ ಫ್ರೆಶ್‌ನದು ಸುಮಾರು 36. ಕೊಬ್ಬನ್ನೂ ಹೀಗೇ ಲೆಕ್ಕ ಹಾಕಿ. ಪ್ಯಾಕೆಟ್ ಮೇಲೆ ಕಡಿಮೆ ಕಂಡದ್ದು ಲೆಕ್ಕದಲ್ಲಿ ಎಷ್ಟೋ ಸಲ ಜಾಸ್ತಿ ಬರುತ್ತದೆ. ಹಿಂದೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ತೊಂದರೆಯಾಗಿದ್ದ ನಾಯಿಗೆ ಅಷ್ಟು ಕೊಬ್ಬು ಅಪಾಯ.

ಇನ್ನು ಅಳತೆ. ನಿಮ್ಮ ನಾಯಿಗೆ ದಿನಕ್ಕೆ ಸುಮಾರು 1,400 ಕ್ಯಾಲರಿ ಬೇಕು. 100 ಗ್ರಾಂ ಡ್ರೈ ಫುಡ್‌ನಲ್ಲಿ 350ರ ಆಸುಪಾಸು ಇರುತ್ತದೆ, 400 ಗ್ರಾಂ ಸಾಕು. ಫ್ರೆಶ್‌ನಲ್ಲಿ 130 ಎಂದಿಟ್ಟುಕೊಂಡರೆ ಕಿಲೋಗೂ ಮಿಕ್ಕಿ ಬೇಕು, ವಾರಕ್ಕೆ ಏಳೂವರೆ ಕಿಲೋ. ಅಷ್ಟು ಹಿಡಿಸುವ ಫ್ರೀಜರ್ ಇದೆಯೇ? ಕರೆಂಟ್ ಹೋದರೆ? ಕಿಲೋ ಬೆಲೆ ನೋಡದೆ ಸಾವಿರ ಕ್ಯಾಲರಿಗೆ ಎಷ್ಟು ಬೀಳುತ್ತದೆ ಎಂದು ಎರಡನ್ನೂ ಲೆಕ್ಕ ಹಾಕಿ. ಐದು ಕಿಲೋದ ಪೊಮೆರೇನಿಯನ್‌ಗೆ ನಿಭಾಯಿಸಬಹುದಾದ ಖರ್ಚು ಲ್ಯಾಬ್‌ಗೆ ಬೇರೆಯೇ ಆಗುತ್ತದೆ.

ಯಾವುದನ್ನೇ ಕೊಂಡರೂ ಪ್ಯಾಕೆಟ್ ಮೇಲೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂಬ ಸಾಲು, ಅದು ಅಮೆರಿಕದ ಎಎಎಫ್‌ಸಿಒ ಅಥವಾ ಯುರೋಪಿನ ಫೆಡಿಯಾಫ್ ಸಂಸ್ಥೆಯ ಮಾನದಂಡದ ಪ್ರಕಾರ ಯಾವ ವಯಸ್ಸಿಗೆ ಎಂಬ ವಿವರ ಇರಲೇಬೇಕು. ಚಿಕನ್, ಅನ್ನ, ಕ್ಯಾರೆಟ್, ಕುಂಬಳಕಾಯಿ ಬೇಯಿಸಿ ಡಬ್ಬಿಗೆ ತುಂಬಿದರೆ ನೋಡಲು ಚೆಂದ, ಆದರೆ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ದೊಡ್ಡ ತಳಿಯ ಮರಿಗೆ ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಮೂಳೆಗೇ ಪೆಟ್ಟು. ಮನೆಯಲ್ಲಿ ಮಾಡುವ ನಾಯಿ ಊಟದ 200 ರೆಸಿಪಿಗಳನ್ನು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಪರೀಕ್ಷಿಸಿದಾಗ ಶೇ. 95ರಲ್ಲಿ ಕನಿಷ್ಠ ಒಂದಾದರೂ ಪೋಷಕಾಂಶ ಸಾಲದಾಗಿತ್ತು. ಪ್ಯಾಕ್ ಮಾಡಿ ಮಾರುವವರನ್ನೂ ಕೇಳಿ: ಈ ರೆಸಿಪಿ ಬರೆದ ಪಶು ಪೋಷಣಾ ತಜ್ಞರು ಯಾರು, ಪ್ರಯೋಗಾಲಯದಲ್ಲಿ ಟೆಸ್ಟ್ ಮಾಡಿಸಿದ ವರದಿ ಎಲ್ಲಿ? ಉತ್ತರ ಸಿಗದಿದ್ದರೆ ಬೇಡ.

ಡ್ರೈ ಫುಡ್‌ನಲ್ಲೂ ನನಗೆ ಸಿಟ್ಟು ಬರುವ ಸಂಗತಿಯೊಂದಿದೆ. ಎಷ್ಟೋ ಅಂಗಡಿಗಳಲ್ಲಿ ದೊಡ್ಡ ಚೀಲ ಬಿಚ್ಚಿಟ್ಟು ಲೂಸ್ ತೂಗಿ ಕೊಡುತ್ತಾರೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಗಾಳಿಗೆ ಕೊಬ್ಬು ಕಮಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬ್ಯಾಚ್ ನಂಬರಂತೂ ನಿಮ್ಮ ಕೈಗೆ ಬರುವುದೇ ಇಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಬೂಷ್ಟಿನ ವಿಷವಾದ ಆಫ್ಲಟಾಕ್ಸಿನ್ ಇದ್ದ ಡ್ರೈ ಫುಡ್ ತಿಂದು ಹತ್ತಾರು ನಾಯಿಗಳು ಸತ್ತವು. ಜನ ಮನೆಯಲ್ಲಿದ್ದ ಚೀಲವನ್ನು ಕಂಪನಿ ವಾಪಸ್ ಕರೆಸಿಕೊಂಡ ಚೀಲಗಳ ಪಟ್ಟಿಯೊಂದಿಗೆ ತಾಳೆ ನೋಡಿದ್ದು ಲಾಟ್ (ಬ್ಯಾಚ್) ನಂಬರಿನಿಂದ. 10 ಕಿಲೋ ಸೀಲ್ ಚೀಲ ನಿಮಗೆ 25 ದಿನಕ್ಕೆ ಮುಗಿಯುತ್ತದೆ. ಚೀಲದ ಸಮೇತ ಡಬ್ಬಿಗಿಳಿಸಿ ಮುಚ್ಚಳ ಹಾಕಿಡಿ.

ಅನ್ನ, ಜೋಳ ಇದ್ದರೆ ನಾಯಿಗೆ ದಕ್ಕದು ಎನ್ನುವ ಮಾತು ಬಿಡಿ. ಪಿಷ್ಟ ಅರಗಿಸುವ ಜೀನ್‌ನ ಪ್ರತಿಗಳು ನಾಯಿಗಳಲ್ಲಿ ತೋಳಕ್ಕಿಂತ ಎಷ್ಟೋ ಹೆಚ್ಚಿವೆ.

ಇಷ್ಟಾಗಿಯೂ ಒಂದು ಹೊತ್ತು ಫ್ರೆಶ್ ಹಾಕುವ ಆಸೆಯಿದ್ದರೆ ಹಾಕಿ, ನಾಯಿ ಖುಷಿಯಿಂದ ತಿನ್ನುತ್ತದೆ. ಆದರೆ ಆ ಹೊತ್ತಿನ 200 ಗ್ರಾಂ ಡ್ರೈ ಫುಡ್ ಪೂರ್ತಿ ತೆಗೆಯಿರಿ, ಅದರ ಮೇಲೆ ಇದನ್ನು ಸುರಿಯಬೇಡಿ. ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬದಲಾಯಿಸಿ. ಲೂಸ್ ಮೋಷನ್ ಶುರುವಾದರೆ ಹಿಂದಿನ ಅಳತೆಗೆ ಇಳಿಸಿ, ಎರಡು ದಿನದಲ್ಲಿ ನಿಲ್ಲದಿದ್ದರೆ, ಅಥವಾ ವಾಂತಿಯೂ ಸೇರಿಕೊಂಡರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.